ಕೊನೇ ವರ್ಷದ ಸಿಎಸ್: ಸಹಿ ಬೇಕಾದದ್ದು ಮೊದಲು, ಕೋಡ್ ಆಮೇಲೆ

ಏಳನೇ ಸೆಮಿಸ್ಟರ್ ಶುರುವಾದ ವಾರವೇ ಒಂದು ಹಾಳೆ ತೆಗೆದುಕೊಂಡು, ಡಿಗ್ರಿ ಕೈಗೆ ಬರುವತನಕ ಆಗಬೇಕಾದ ಕೆಲಸಗಳನ್ನೆಲ್ಲ ಬರೆಯಿರಿ. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಇದು ರಾತ್ರಿ ನಿದ್ದೆಗೆಟ್ಟು ಮುಗಿಸಬಹುದಾದ ಕೆಲಸವೋ, ಬೇರೆಯವರ ಸಹಿಗೆ ಕಾಯಬೇಕಾದ ಕೆಲಸವೋ? ಕೋಡ್ ಎಷ್ಟೇ ಹದಗೆಟ್ಟಿದ್ದರೂ ಎರಡು ರಾತ್ರಿಯಲ್ಲಿ ಒಂದು ರೂಪಕ್ಕೆ ಬರುತ್ತದೆ. ಎಸಿ (ಉಪವಿಭಾಗಾಧಿಕಾರಿ) ಆಫೀಸಿನ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ, ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಪತ್ರ ಯಾವುದೂ ನಿದ್ದೆಗೆಟ್ಟರೆ ಬರುವುದಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದ ಹುಡುಗ ಹುಡುಗಿಯರಿಗೆ ಇಂಥ ಸಹಿಗಳು ಬೆಂಗಳೂರಿನವರಿಗಿಂತ ಒಂದೆರಡು ಹೆಚ್ಚೇ ಇವೆ.

371ಜೆ ಮತ್ತು ಅದರ ಜೊತೆಗಿನ ಕಾಗದಗಳು

ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ಶೇ 75, ಸಿ ಗುಂಪಿನಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ಇಲ್ಲಿನವರಿಗೆ ಮೀಸಲು. ರಾಜ್ಯಮಟ್ಟದ ಹುದ್ದೆಗಳಲ್ಲಿ ಶೇ 8. 'ನಮಗೆ ಐಟಿ ನೌಕರಿ ಸಾಕು' ಎನ್ನುವವರೂ ಎರಡು ವರ್ಷದ ನಂತರ ಸರ್ಕಾರಿ ಅಧಿಸೂಚನೆ ಬಂದಾಗ ಇದನ್ನು ಹುಡುಕುತ್ತಾರೆ. ಅರ್ಹತಾ ಪತ್ರ ಕೊಡುವವರು ಉಪವಿಭಾಗಾಧಿಕಾರಿ. ಕೊಪ್ಪಳ ಜಿಲ್ಲೆಗೆ ಒಂದೇ ಉಪವಿಭಾಗ. ರಾಯಚೂರು ಜಿಲ್ಲೆಯಲ್ಲಿ ರಾಯಚೂರು, ಲಿಂಗಸುಗೂರು ಎಂದು ಎರಡು. ಸಿಂಧನೂರಿನವರು ರಾಯಚೂರಿನ ಕಾಲೇಜಿನಲ್ಲಿ ಓದುತ್ತಿದ್ದರೂ ಹೋಗಬೇಕಾದದ್ದು ಲಿಂಗಸುಗೂರಿಗೆ.

ಹೆಚ್ಚು ದಿನ ಹಿಡಿಯುವುದು ಎಸಿ ಸಹಿಯಲ್ಲ, ಅದಕ್ಕೂ ಮೊದಲಿನ ಶಾಲಾ ವ್ಯಾಸಂಗ ಪತ್ರ. ಮೂರು ಶಾಲೆ ಬದಲಿಸಿದ್ದರೆ ಮೂರೂ ಕಡೆ ಹೆಡ್‌ಮಾಸ್ತರ ಸಹಿ ಬೇಕು. ಅದೇ ಓಡಾಟದಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರಗಳನ್ನೂ ಮಾಡಿಸಿಬಿಡಿ. ಎರಡಕ್ಕೂ 1ರಿಂದ 10ನೇ ತರಗತಿಯ ದಾಖಲೆಯೇ ಆಧಾರ, ಬಿಇಒ ಮೇಲುಸಹಿ ಬೇಕು. ಶಾಲೆ ತೆರೆದಿರುವಾಗಲೇ ಹೋಗಿ. ಏಪ್ರಿಲ್ ಎರಡನೇ ವಾರ ದಾಟಿತೆಂದರೆ ಬೇಸಿಗೆ ರಜೆ, ಬಾಗಿಲಿಗೆ ಬೀಗ. ಸಿಇಟಿ ಸಮಯದಲ್ಲಿ ಮಾಡಿಸಿದ 371ಜೆ ಪತ್ರ ಇದೆಯೆಂದು ಸುಮ್ಮನಿರಬೇಡಿ. ನೇಮಕಾತಿ ಅಧಿಸೂಚನೆಯ ಕೊನೆಯ ಪುಟಗಳಲ್ಲಿ ನಮೂನೆ ಇರುತ್ತದೆ, ಅದರ ಪಕ್ಕ ನಿಮ್ಮದನ್ನಿಟ್ಟು ಓದಿ. ಮೂಲ ಪ್ರತಿ ಮನೆಯಲ್ಲಿದೆಯೋ ಕಾಲೇಜಿನ ಬೀರುವಿನಲ್ಲಿದೆಯೋ ಅದನ್ನೂ ಈಗಲೇ ನೋಡಿಕೊಳ್ಳಿ.

ಇನ್ನು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪ್ಯಾನ್‌ನಲ್ಲಿ ಅಪ್ಪನ ಪೂರ್ತಿ ಹೆಸರು: ಕಂಪನಿಯವರ ಹಿನ್ನೆಲೆ ಪರಿಶೀಲನೆ ನಿಲ್ಲುವುದು ಇಲ್ಲೇ. ಎಸ್ಸೆಸ್ಸೆಲ್ಸಿಯನ್ನು ಅಡಿಪಾಯ ಮಾಡಿಕೊಂಡು ಆಧಾರನ್ನು ಅದಕ್ಕೆ ಹೊಂದಿಸಿ. ಆಧಾರ್‌ಗೆ ತಕ್ಕಂತೆ ಅಂಕಪಟ್ಟಿ ತಿದ್ದಿಸಹೊರಟರೆ ವರ್ಷ ಸಾಲದು.

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವಿದ್ಯಾರ್ಥಿಗಳಿಗೆ ಇನ್ನೊಂದು: ಎಐಸಿಟಿಇ ಚಟುವಟಿಕೆ ಅಂಕಗಳು, ಅಂದರೆ ಪಾಠದ ಹೊರಗಿನ ಸಮಾಜಸೇವೆಯಂಥ ಕೆಲಸಕ್ಕೆ ಸಿಗುವ ಅಂಕಗಳು. ಮೊದಲ ವರ್ಷದಿಂದ ಸೇರಿದವರಿಗೆ 100, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರಿಗೆ 75. ಇವು ಸಿಜಿಪಿಎಗೆ ಸೇರುವುದಿಲ್ಲ. ಆದರೆ ಇಲ್ಲದಿದ್ದರೆ ಡಿಗ್ರಿ ಸಿಗುವುದಿಲ್ಲ. ಗಿಡ ನೆಟ್ಟದ್ದು, ಸರ್ಕಾರಿ ಶಾಲೆಯಲ್ಲಿ ಕಂಪ್ಯೂಟರ್ ಕಲಿಸಿದ್ದು, ಎಲ್ಲದರ ಫೋಟೊ ಮತ್ತು ಸಹಿ ಇರುವ ಪತ್ರ ಒಂದೇ ಫೈಲಿನಲ್ಲಿರಲಿ.

ಪ್ರಾಜೆಕ್ಟ್: ಎಲೆ ರೋಗದ ಕಥೆ

ಪ್ರತಿ ವರ್ಷ ತಪ್ಪದೆ ಬರುವ ವಿಷಯ 'ರೈತರಿಗಾಗಿ ಎಲೆ ರೋಗ ಪತ್ತೆ'. ಪ್ಲಾಂಟ್‌ವಿಲೇಜ್ ಎಂಬ ಎಲೆ ಚಿತ್ರಗಳ ಡೇಟಾಸೆಟ್ ಇಳಿಸಿಕೊಂಡು, ಯಾವುದೋ ಸಿದ್ಧ ಕೋಡ್ ನೋಟ್‌ಬುಕ್ ಓಡಿಸಿ, 'ಶೇ 98 ನಿಖರತೆ' ಎಂದು ಪಿಪಿಟಿ ಮಾಡಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಹೊರಗಿನಿಂದ ಬಂದ ಪರೀಕ್ಷಕರು ಎರಡೇ ಪ್ರಶ್ನೆಯಲ್ಲಿ ಇದನ್ನು ಕೆಡವುತ್ತಾರೆ.

ಮೊದಲನೆಯದು, ಇದರಲ್ಲಿ ನಿಮ್ಮೂರಿನ ಬೆಳೆ ಎಲ್ಲಿದೆ? ಆ ಡೇಟಾಸೆಟ್‌ನಲ್ಲಿರುವ 54,000ಕ್ಕೂ ಹೆಚ್ಚು ಚಿತ್ರಗಳು 14 ಬೆಳೆಗಳವು: ಸೇಬು, ದ್ರಾಕ್ಷಿ, ಟೊಮೆಟೊ, ಆಲೂಗಡ್ಡೆ, ಮೆಕ್ಕೆಜೋಳ ಹೀಗೆ. ಗಂಗಾವತಿಯ ಭತ್ತ ಇಲ್ಲ, ರಾಯಚೂರಿನ ಹತ್ತಿ ಇಲ್ಲ, ತೊಗರಿ ಇಲ್ಲ. ಮೆಣಸಿನಕಾಯಿ ಇದೆಯಲ್ಲ ಎನ್ನಬೇಡಿ, ಅದು ದೊಣ್ಣೆ ಮೆಣಸಿನಕಾಯಿ. ಎರಡನೆಯದು, ಹೊಲದಲ್ಲಿ ಎಷ್ಟು ಬಂತು? ಎಲೆ ಕಿತ್ತು ಒಂದೇ ಬಣ್ಣದ ಹಿನ್ನೆಲೆಯ ಮೇಲಿಟ್ಟು ತೆಗೆದ ಚಿತ್ರಗಳವು. 2016ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲಿ ಅದೇ ಡೇಟಾಸೆಟ್‌ನ ಪರೀಕ್ಷಾ ಚಿತ್ರಗಳ ಮೇಲೆ ಶೇ 99.35 ನಿಖರತೆ ಬಂದ ಮಾದರಿ (ಚಿತ್ರ ನೋಡಿ ರೋಗ ಹೇಳಲು ಕಲಿತ ಪ್ರೋಗ್ರಾಮ್), ಬೇರೆ ಸನ್ನಿವೇಶದ ಚಿತ್ರಗಳನ್ನು ಕೊಟ್ಟಾಗ ಸುಮಾರು ಶೇ 31ಕ್ಕೆ ಇಳಿದಿತ್ತು.

ಈ ವಿಷಯವೇ ಬೇಕೆಂದರೆ ಹೀಗೆ ಮಾಡಿ. ಒಂದೇ ಬೆಳೆ, ಮೂರು ವರ್ಗ: ಆರೋಗ್ಯದ ಎಲೆ ಮತ್ತು ಎರಡು ರೋಗ. ಫೋನಿನಲ್ಲಿ ಹೊಲದಲ್ಲೇ ವರ್ಗಕ್ಕೆ 150ರಂತೆ ಚಿತ್ರ ತೆಗೆಯಿರಿ. ಬೆಳಗ್ಗೆ, ಮಧ್ಯಾಹ್ನ ಎರಡೂ ಬೆಳಕಿನಲ್ಲಿ. ಫೈಲ್ ಹೆಸರಿನಲ್ಲೇ ಗಿಡದ ಸಂಖ್ಯೆ ಹಾಕಿ, ಏಕೆಂದರೆ ತರಬೇತಿಗೆ ಮತ್ತು ಪರೀಕ್ಷೆಗೆ ಬೇರ್ಪಡಿಸುವಾಗ ಗಿಡದ ಲೆಕ್ಕದಲ್ಲಿ ಬೇರ್ಪಡಿಸಬೇಕು. ಒಂದೇ ಗಿಡದ ಚಿತ್ರ ಎರಡೂ ಕಡೆ ಹೋದರೆ ಮಾದರಿ ರೋಗವನ್ನು ಕಲಿಯುವ ಬದಲು ಗಿಡವನ್ನು ಬಾಯಿಪಾಠ ಮಾಡುತ್ತದೆ. ಚಿತ್ರ ತಿರುಗಿಸಿ, ಬೆಳಕು ಬದಲಿಸಿ ಸಂಖ್ಯೆ ಹೆಚ್ಚಿಸುವುದು ಬೇರ್ಪಡಿಸಿದ ನಂತರ, ಅದೂ ತರಬೇತಿ ಭಾಗಕ್ಕೆ ಮಾತ್ರ. ಮೊದಲೇ ಮಾಡಿದರೆ ಸುಳ್ಳು ಶೇ 98 ಮತ್ತೆ ಬರುತ್ತದೆ. ಮೊಬೈಲ್‌ನೆಟ್‌ನಂಥ ಸಣ್ಣ ಮಾದರಿ ಸಾಕು. ಬರೀ ನಿಖರತೆ ಹೇಳಬೇಡಿ: 100 ಎಲೆಯಲ್ಲಿ 90 ಆರೋಗ್ಯದ್ದಾಗಿದ್ದರೆ, ಎಲ್ಲಕ್ಕೂ 'ಆರೋಗ್ಯ' ಎನ್ನುವ ದಡ್ಡ ಪ್ರೋಗ್ರಾಮಿಗೂ ಶೇ 90 ಬರುತ್ತದೆ. ಪ್ರತಿ ರೋಗದ ರಿಕಾಲ್, ಅಂದರೆ ಆ ರೋಗವಿದ್ದ ಎಲೆಗಳಲ್ಲಿ ಮಾದರಿ ಹಿಡಿದದ್ದು ಎಷ್ಟು ಪಾಲು, ಎಂದು ತೋರಿಸಿ. ಹೊಲದ ಫಲಿತಾಂಶ ಶೇ 70 ಇದ್ದು, ಎಲ್ಲಿ ತಪ್ಪಿತೆಂದು ಹೇಳಬಲ್ಲಿರಾದರೆ ಅದು ಶೇ 98ಕ್ಕಿಂತ ಗಟ್ಟಿ.

ಯಾವ ಎಲೆಗೆ ಯಾವ ರೋಗ ಎಂದು ಗುರುತು ಹಾಕುವುದು ಸಿಎಸ್‌ನವರ ಕೆಲಸವಲ್ಲ. ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯವಿದೆ, ಸಸ್ಯರೋಗ ವಿಭಾಗದವರನ್ನು ಕೇಳಬಹುದು. ಅದಕ್ಕೂ ಎಚ್‌ಒಡಿ ಸಹಿ ಇರುವ ಪತ್ರ ಬೇಕು, ಬೆಳೆ ಹೊಲದಲ್ಲಿ ಇರುವಾಗಲೇ ಬೇಕು. ಸಹಿ ಬರುವಷ್ಟರಲ್ಲಿ ಹತ್ತಿ ಬಿಡಿಸಿ ಗಿಡ ಕಿತ್ತಿದ್ದರೆ ಪ್ರಾಜೆಕ್ಟೇ ಹೋಯಿತು.

ಎಂಎಲ್ (ಮಷಿನ್ ಲರ್ನಿಂಗ್) ಬೇಡವೆನ್ನುವವರಿಗೆ ಕಾಲೇಜಿನೊಳಗೇ ಒಳ್ಳೆಯ ವಿಷಯವಿದೆ: ಏನೂ ಬಾಕಿಯಿಲ್ಲವೆಂಬ ನೋ ಡ್ಯೂ ಪತ್ರ. ಗ್ರಂಥಾಲಯ, ಲ್ಯಾಬ್, ಹಾಸ್ಟೆಲ್, ಲೆಕ್ಕಪತ್ರ ಎಂದು ಎಂಟ್ಹತ್ತು ಸಹಿ. ಒಬ್ಬರು ತಡೆಹಿಡಿದರೆ ಏನಾಗಬೇಕು, ಯಾರು ಯಾವಾಗ ಒಪ್ಪಿದರು ಎಂಬ ದಾಖಲೆ ಎಲ್ಲಿರಬೇಕು, ಯಾರಿಗೆ ಎಷ್ಟು ಅಧಿಕಾರ. ಡೇಟಾಬೇಸ್ ವಿನ್ಯಾಸ ಗೊತ್ತಿದೆಯೆಂದು ತೋರಿಸಲು ಇದಕ್ಕಿಂತ ಮತ್ತೇನು ಬೇಕು?

ಮೊದಲ ದಿನದಿಂದಲೇ ಗಿಟ್ (ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಸಾಧನ) ಬಳಸಿ. ತಂಡದ ನಾಲ್ವರೂ ಅವರವರ ಹೆಸರಿನಲ್ಲೇ ಕಮಿಟ್ ಮಾಡಲಿ, ಅಂದರೆ ತಮ್ಮ ಬದಲಾವಣೆಯನ್ನು ಅದರಲ್ಲಿ ದಾಖಲಿಸಲಿ. 'ನಿನ್ನ ಭಾಗ ಯಾವುದು' ಎಂಬ ಪ್ರಶ್ನೆಗೆ ಅದೇ ಉತ್ತರ. ಪಾಸ್‌ವರ್ಡ್, ಎಪಿಐ ಕೀ (ಆನ್‌ಲೈನ್ ಸೇವೆ ಬಳಸಲು ಕೊಡುವ ಗುಪ್ತ ಸಂಕೇತ) ಕೋಡಿನೊಳಗೆ ಬರೆಯಬೇಡಿ. ಒಮ್ಮೆ ಕಮಿಟ್ ಆದರೆ ಅಳಿಸಿದರೂ ಇತಿಹಾಸದಲ್ಲಿ ಉಳಿಯುತ್ತದೆ, ಆ ಕೀ ರದ್ದುಮಾಡಿ ಹೊಸದು ಪಡೆಯುವುದೊಂದೇ ದಾರಿ. ಗೂಗಲ್‌ನ ಕಂಪ್ಯೂಟರಿನಲ್ಲಿ ಕೋಡ್ ಓಡಿಸುವ ಉಚಿತ ಕೊಲ್ಯಾಬ್ ಸೆಷನ್ ಯಾವಾಗ ಬೇಕಾದರೂ ಕಡಿದುಹೋಗಬಹುದು, ಅದರೊಳಗಿನ ಫೈಲುಗಳೂ ಅದರೊಂದಿಗೇ ಹೋಗುತ್ತವೆ. ತರಬೇತಿಯ ಪ್ರತಿ ಸುತ್ತಿನ ಕೊನೆಗೆ ಮಾದರಿಯನ್ನು ಗೂಗಲ್ ಡ್ರೈವ್‌ಗೆ ಉಳಿಸುವ ಸಾಲು ಸೇರಿಸಿ. ಸ್ವಂತ ಲ್ಯಾಪ್‌ಟಾಪ್‌ನಲ್ಲೇ ತರಬೇತಿ ಕೊಡುವವರು ಏಪ್ರಿಲ್, ಮೇ ಮಧ್ಯಾಹ್ನ ಬಿಟ್ಟು ನಸುಕಿನಲ್ಲಿ ಓಡಿಸಿ. 40 ಡಿಗ್ರಿ ಕೋಣೆಯಲ್ಲಿ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ, ಒಂದು ಗಂಟೆಯ ಕೆಲಸ ಎರಡಾಗುತ್ತದೆ.

ಡೆಮೊಗೆ ಒಂದು ವಾರ ಮೊದಲು ಬೇರೆಯವರ ಲ್ಯಾಪ್‌ಟಾಪ್‌ನಲ್ಲಿ ಎಲ್ಲವನ್ನೂ ಮೊದಲಿನಿಂದ ಇನ್‌ಸ್ಟಾಲ್ ಮಾಡಿ, ನಂತರ ವೈಫೈ ಆರಿಸಿ ಓಡಿಸಿ. ಪೈಥಾನ್ ಆವೃತ್ತಿ ಹೊಂದದಿರುವುದು, ಲೈಬ್ರರಿ ಆವೃತ್ತಿ ಬರೆದಿಡದಿರುವುದು, ಫೈಲ್ ದಾರಿಯಲ್ಲಿ ನಿಮ್ಮದೇ ಡ್ರೈವ್ ಹೆಸರಿರುವುದು, ಮೂರೂ ಅಲ್ಲೇ ಸಿಕ್ಕಿಬೀಳುತ್ತವೆ. ಮೂರು ನಿಮಿಷದ ಡೆಮೊ ವಿಡಿಯೊ ಪೆನ್‌ಡ್ರೈವ್‌ನಲ್ಲಿರಲಿ. ವರದಿಯನ್ನು ಝೆರಾಕ್ಸ್ ಅಂಗಡಿಗೆ ಪಿಡಿಎಫ್ ಆಗಿಯೇ ಕೊಡಿ. ವರ್ಡ್ ಫೈಲ್ ಕೊಟ್ಟರೆ ಅಲ್ಲಿನ ಫಾಂಟ್‌ಗೆ ಪುಟಗಳು ಜರುಗಿ ಪರಿವಿಡಿಯ ಸಂಖ್ಯೆಗಳೆಲ್ಲ ತಪ್ಪಾಗುತ್ತವೆ, ಬೈಂಡಿಂಗ್ ಆದಮೇಲೆ ಗೊತ್ತಾಗುತ್ತದೆ.

ನೌಕರಿ, ಗೇಟ್, ರೈಲು

ಗೇಟ್ (ಎಂಟೆಕ್ ಪ್ರವೇಶಕ್ಕೆ ಬರೆಯುವ ರಾಷ್ಟ್ರಮಟ್ಟದ ಪರೀಕ್ಷೆ) ಬರೆಯುವವರಿಗೆ ಅರ್ಜಿ ಸಾಮಾನ್ಯವಾಗಿ ಆಗಸ್ಟ್–ಸೆಪ್ಟೆಂಬರಿನಲ್ಲಿ, ಪರೀಕ್ಷೆ ಫೆಬ್ರುವರಿಯಲ್ಲಿ. 65 ಪ್ರಶ್ನೆ, 100 ಅಂಕ, ಸ್ಕೋರ್ 3 ವರ್ಷ ನಡೆಯುತ್ತದೆ. ಸಂಖ್ಯೆ ತುಂಬುವ ಪ್ರಶ್ನೆಗಳಿಗೂ ಒಂದಕ್ಕಿಂತ ಹೆಚ್ಚು ಸರಿಯುತ್ತರವಿರುವ ಪ್ರಶ್ನೆಗಳಿಗೂ ಋಣಾತ್ಮಕ ಅಂಕವಿಲ್ಲ, ಖಾಲಿ ಬಿಡಬೇಡಿ.

ಕ್ಯಾಂಪಸ್‌ಗೆ ಬರುವ ಅನೇಕ ಸೇವಾ ಕಂಪನಿಗಳು ಹತ್ತು, ಪಿಯು, ಡಿಗ್ರಿ ಮೂರರಲ್ಲೂ ಶೇ 60 ಕೇಳುತ್ತವೆ, ಪಾಸಾಗದೆ ಉಳಿದ ವಿಷಯ (ಬ್ಯಾಕ್) ಇರಬಾರದು. ಸಿಜಿಪಿಎಯನ್ನು ಶೇಕಡಾಕ್ಕೆ ಇಳಿಸುವಾಗ ನಿಮ್ಮ ಸ್ಕೀಮಿನ ಸೂತ್ರವನ್ನೇ ಬಳಸಿ, ಅಂದಾಜಿನ ಲೆಕ್ಕ ಬೇಡ. ಆನ್‌ಲೈನ್ ಪರೀಕ್ಷೆಯ ದಿನ ಕರೆಂಟ್ ಹೋಗುವುದೆಂದೇ ತಿಳಿದು ತಯಾರಾಗಿ: ಬ್ಯಾಟರಿ ತುಂಬಿರಲಿ, ಬೇರೆ ಕಂಪನಿಯ ಸಿಮ್ ಇರುವ ಇನ್ನೊಂದು ಫೋನ್ ಹಾಟ್‌ಸ್ಪಾಟ್‌ಗೆ ಸಿದ್ಧವಿರಲಿ.

ಬೆಂಗಳೂರಿನ ಸಂದರ್ಶನಕ್ಕೆ ಕೊಪ್ಪಳ, ಬಳ್ಳಾರಿಯವರಿಗೆ ಹಂಪಿ ಎಕ್ಸ್‌ಪ್ರೆಸ್, ರಾಯಚೂರಿನವರಿಗೆ ಉದ್ಯಾನ್ ಇವೆ. ಆದರೆ ಮುಂಗಡ ಟಿಕೆಟ್ 60 ದಿನ ಮೊದಲೇ ತೆರೆಯುತ್ತದೆ, ಸಂದರ್ಶನದ ಮೇಲ್ ಬರುವುದು ಮೂರು ದಿನ ಮೊದಲು. ತತ್ಕಾಲ್ ಹಿಂದಿನ ದಿನ, ಎಸಿ ಬೋಗಿಗೆ ಬೆಳಗ್ಗೆ 10 ಗಂಟೆಗೆ, ಸ್ಲೀಪರ್‌ಗೆ 11ಕ್ಕೆ. ಸಿಗದಿದ್ದರೆ ರಾತ್ರಿ ಬಸ್ಸೇ ಗತಿ. ನೌಕರಿ ಕೊಡಿಸುತ್ತೇವೆಂದು ಠೇವಣಿ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಮೂಲ ಅಂಕಪಟ್ಟಿಯನ್ನು ಯಾರ ಬಳಿಯೂ ಬಿಡಬೇಡಿ.

ಪರೀಕ್ಷೆ ಮುಗಿದ ಮೇಲೆ

ಊರಿಗೆ ಹೊರಡುವ ಮೊದಲು ನೋ ಡ್ಯೂ ಮುಗಿಸಿ, ಟಿಸಿ ಪಡೆದು, ಕಾಷನ್ ಡೆಪಾಸಿಟ್ ಅರ್ಜಿ ಕೊಟ್ಟುಬಿಡಿ. ಫಲಿತಾಂಶ ಬಂದಕೂಡಲೇ ಪ್ರೊವಿಷನಲ್ ಡಿಗ್ರಿ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಿ. ಘಟಿಕೋತ್ಸವದ ಪತ್ರ ಬರುವತನಕ ಅದೇ ಆಧಾರ. ಗಿಟ್‌ಹಬ್, ಲಿಂಕ್ಡ್‌ಇನ್ ಖಾತೆಗಳು ಕಾಲೇಜಿನ ಇಮೇಲ್‌ನಲ್ಲಿದ್ದರೆ ಸ್ವಂತ ಇಮೇಲ್‌ಗೆ ಬದಲಿಸಿ, ಡ್ರೈವ್‌ನಲ್ಲಿರುವುದನ್ನು ಇಳಿಸಿಕೊಳ್ಳಿ. ಆ ಇಮೇಲ್ ಮುಚ್ಚಿದ ದಿನ ಯಾರೂ ಹೇಳುವುದಿಲ್ಲ.

ಪಾಸಾಗಿ 180 ದಿನ ಕಳೆದರೂ ನೌಕರಿ ಸಿಗದಿದ್ದರೆ ಯುವನಿಧಿ ಇದೆ: ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದಲು ಸೇರಿದವರಿಗಿಲ್ಲ. ಅರ್ಜಿ ಸೇವಾ ಸಿಂಧುವಿನಲ್ಲಿ. ಅಲ್ಲಿ ಅಂಕಪಟ್ಟಿ ಡಿಜಿಟಲ್ ಭಂಡಾರದಿಂದ ಬರುವುದರಿಂದ, ಡಿಜಿಲಾಕರ್‌ನಲ್ಲಿ ನಿಮ್ಮ ಡಿಗ್ರಿ ಕಾಣುತ್ತಿದೆಯೇ, ಹೆಸರು ಆಧಾರ್‌ಗೆ ಹೊಂದುತ್ತಿದೆಯೇ ಎಂದು 180ನೇ ದಿನ ಬರುವ ಮೊದಲೇ ತೆರೆದು ನೋಡಿ. ಕಾಣದಿದ್ದರೆ ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಯುಎಸ್‌ಎನ್ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ) ಸಮೇತ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಸಹಿ ಹಾಕಿಸಿಕೊಂಡ ಪ್ರತಿಯನ್ನು ಮನೆಗೆ ತನ್ನಿ.