ಹೊಸ ಕಂಪ್ಯೂಟರ್ ಕೊಳ್ಳಿ ಎನ್ನುವ ಮೊದಲು ನಾನು ನೋಡುವುದು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಭದ್ರತಾ ಅಪ್‌ಡೇಟ್ ನಿಂತಿತು. ಮರುದಿನ ಬೆಳಿಗ್ಗೆ ಯಾರ ಕಂಪ್ಯೂಟರೂ ಕೆಟ್ಟು ಕೂರಲಿಲ್ಲ. ಆದರೂ ತಿಪಟೂರಿನ ನನ್ನ ರಿಪೇರಿ ಅಂಗಡಿಯಲ್ಲಿ ಆ ತಿಂಗಳಿಡೀ ಸಿಪಿಯುಗಳು, ಲ್ಯಾಪ್‌ಟಾಪುಗಳು ಸಾಲುಗಟ್ಟಿದ್ದವು. ತಂದವರ ಪ್ರಶ್ನೆ ಒಂದೇ: ಇದನ್ನು ಬಿಸಾಡಬೇಕೇ? ಕೆಲವರಿಗೆ ಹೌದು ಎಂದೆ, ಹೆಚ್ಚಿನವರಿಗೆ ಬೇಡ ಎಂದೆ. ಯಂತ್ರ ಎಷ್ಟು ಹಳೆಯದು ಎಂಬುದಕ್ಕಿಂತ ಅದು ಯಾವ ಕೆಲಸ ಮಾಡುತ್ತದೆ ಎಂಬುದನ್ನು ನೋಡಿ ಉತ್ತರ ಕೊಟ್ಟೆ. ಇದೇ ಕಸುಬಿನವರಿಗೂ ಮನೆಯಲ್ಲೇ ಕೈಯಾಡಿಸುವವರಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ವಿಂಡೋಸ್ 11 ಬೇಡವೆಂದ ಯಂತ್ರ ನಿಧಾನದ್ದೇ ಇರಬೇಕು ಎಂಬ ನಂಬಿಕೆ ಜನರಲ್ಲಿ ಬೇರೂರಿದೆ. ಹಾಗೇನಿಲ್ಲ. 2017ರ ಐ7-7700 ಪ್ರೊಸೆಸರ್ ಇವತ್ತಿಗೂ ವಿಡಿಯೋ ಎಡಿಟಿಂಗ್ ಎಳೆದುಕೊಂಡು ಹೋಗುತ್ತದೆ, ಆದರೆ ವಿಂಡೋಸ್ 11ಕ್ಕೆ ಅರ್ಹವಾದ ಪ್ರೊಸೆಸರ್‌ಗಳ ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಅದಿಲ್ಲ. ನಾಲ್ಕು ಟ್ಯಾಬ್ ತೆರೆದರೆ ಏದುಸಿರು ಬಿಡುವ ಸೆಲೆರಾನ್ ಎನ್4020 ಪಟ್ಟಿಯಲ್ಲಿದೆ. ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ಘಟಕ), ಸೆಕ್ಯೂರ್ ಬೂಟ್ (ನಂಬಿಕೆಯಿಲ್ಲದ ತಂತ್ರಾಂಶದಿಂದ ಯಂತ್ರ ಶುರುವಾಗದಂತೆ ತಡೆಯುವ ವ್ಯವಸ್ಥೆ), ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಷನ್‌ನಿಂದ ಈಚೆ, ಎಎಂಡಿ ಆದರೆ ರೈಜೆನ್ 2000 ಸರಣಿಯಿಂದ ಈಚೆ: ಗೆರೆ ಎಳೆದಿರುವುದು ಹೀಗೆ. ಭದ್ರತೆಯ ಕಾರಣ ಕೊಟ್ಟಿದ್ದಾರೆ, ಅದರಲ್ಲಿ ಹುರುಳೂ ಇದೆ. ಆದರೆ ಏಳನೇ ಜನರೇಷನ್‌ನ ಬಹುತೇಕ ಯಂತ್ರಗಳಲ್ಲಿ ಟಿಪಿಎಂ 2.0 ಇದ್ದೂ ಅವು ಹೊರಗೆ ನಿಂತಿವೆ. ಇದು ಸರಿಯೆಂದು ನನಗೆ ಇಂದಿಗೂ ಅನ್ನಿಸಿಲ್ಲ.

ಹೀಗಾಗಿ ಯಂತ್ರ ಬಂದ ತಕ್ಷಣ ಪ್ರೊಸೆಸರ್ ಸಂಖ್ಯೆ ನೋಡುತ್ತೇನೆ. ಎಂಟನೇ ಜನರೇಷನ್ ಅಥವಾ ಅದರ ಮೇಲಿನದಾಗಿದ್ದೂ ಅರ್ಹವಲ್ಲ ಎಂಬ ಸಂದೇಶ ಬರುತ್ತಿದ್ದರೆ ತೊಂದರೆ ಹೆಚ್ಚಾಗಿ ಯಂತ್ರದ್ದಲ್ಲ, ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಸೆಟ್ಟಿಂಗಿನದು. ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪುಗಳಲ್ಲಿ ಇದು ತೀರಾ ಸಾಮಾನ್ಯ. ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ ಎಂದೂ ಎಎಂಡಿ ಬೋರ್ಡಿನಲ್ಲಿ ಎಫ್‌ಟಿಪಿಎಂ ಎಂದೂ ಇರುವ ಆಯ್ಕೆ ಆಫ್ ಆಗಿರುತ್ತದೆ. ಆನ್ ಮಾಡಿದರೆ ಟಿಪಿಎಂ ಕಾಣಿಸಿಕೊಳ್ಳುತ್ತದೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವ ಲ್ಯಾಪ್‌ಟಾಪಾದರೆ ಬಯಾಸ್ ಮುಟ್ಟುವ ಮೊದಲೇ ಬಿಟ್‌ಲಾಕರ್ ರಿಕವರಿ ಕೀ, ಅಂದರೆ ಆ ಡಿಸ್ಕಿನ ಬೀಗ ತೆರೆಯುವ ಸಂಖ್ಯೆ, ಬರೆದಿಟ್ಟುಕೊಳ್ಳುತ್ತೇನೆ. ಅದು ಕೈಯಲ್ಲಿಲ್ಲದಿದ್ದರೆ ಗಿರಾಕಿಯ ಮಗಳ ಮದುವೆಯ ಫೋಟೋಗಳು ಒಳಗೇ ಉಳಿದಾವು.

ನಿಜವಾದ ತಲೆನೋವು ಇದರ ನಂತರದ್ದು. ಸೆಕ್ಯೂರ್ ಬೂಟ್ ಬೇಕೆಂದರೆ ಬಯಾಸ್‌ನ ಹೊಸ ರೂಪವಾದ ಯುಇಎಫ್‌ಐ ಬೇಕು, ಅದಕ್ಕೆ ಬೂಟ್ ಡಿಸ್ಕ್ ಜಿಪಿಟಿ (ಡಿಸ್ಕನ್ನು ಪಾಲು ಮಾಡುವ ಹೊಸ ವಿಧಾನ) ಆಗಿರಬೇಕು. ನಮ್ಮ ಕಡೆಯ ಡೆಸ್ಕ್‌ಟಾಪುಗಳಲ್ಲಿ ಹಳೆಯ ಎಂಬಿಆರ್ ವಿಧಾನ ಇನ್ನೂ ಉಳಿದಿದೆ. ಫಾರ್ಮ್ಯಾಟ್ ಮಾಡದೆಯೇ ಬದಲಿಸಲು ವಿಂಡೋಸ್ ಒಳಗೇ ಎಂಬಿಆರ್2ಜಿಪಿಟಿ ಎಂಬ ಸಾಧನವಿದೆ, ಆದರೆ ಅದರ ಪರೀಕ್ಷೆಯಲ್ಲಿ ನಮ್ಮ ಡಿಸ್ಕುಗಳು ಮೇಲಿಂದ ಮೇಲೆ ಬೀಳುತ್ತವೆ. ಸಿ, ಡಿ, ಇ, ಎಫ್ ಎಂದು ನಾಲ್ಕು ಡ್ರೈವ್ ಮಾಡಿಕೊಡುವುದು ಇಲ್ಲಿನ ಅಸೆಂಬಲ್ ಅಂಗಡಿಗಳ ಹಳೆಯ ಸಂಪ್ರದಾಯ. ಡಿ ಡ್ರೈವಿನಿಂದ ಮುಂದಿನವೆಲ್ಲ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಎಂಬ ಒಂದೇ ದೊಡ್ಡ ಪಾಲಿನೊಳಗೆ ಕೂತಿರುತ್ತವೆ. ಈ ಸಾಧನ ಒಪ್ಪುವುದು ಹೆಚ್ಚೆಂದರೆ ಮೂರು ಪ್ರೈಮರಿ (ಮುಖ್ಯ) ಪಾರ್ಟಿಷನ್‌ಗಳನ್ನು. ಎಕ್ಸ್‌ಟೆಂಡೆಡ್ ಕಂಡರೆ ಮುಂದೆ ಹೋಗುವುದೇ ಇಲ್ಲ. ಆದ್ದರಿಂದ ಡಿ ಇಂದ ಎಫ್‌ವರೆಗಿನ ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಕೆಲವನ್ನು ತೆರೆದು ನೋಡಿ ಖಾತ್ರಿಪಡಿಸಿಕೊಂಡು, ಆ ಪಾರ್ಟಿಷನ್‌ಗಳನ್ನು ಅಳಿಸುತ್ತೇನೆ. ಆಮೇಲೆ ಪರೀಕ್ಷೆ, ಆಮೇಲೆ ಪರಿವರ್ತನೆ, ಅದಾದ ಮೇಲೆಯೇ ಬಯಾಸ್‌ನಲ್ಲಿ ಸಿಎಸ್‌ಎಂ (ಹಳೆಯ ರೀತಿಯ ಬೂಟ್‌ಗೆ ಅವಕಾಶ ಕೊಡುವ ಆಯ್ಕೆ) ಆಫ್ ಮಾಡಿ ಯುಇಎಫ್‌ಐಗೆ ಬದಲಿಸುವುದು. ಬಯಾಸ್ ಮೊದಲು ಬದಲಿಸಿದರೆ ವಿಂಡೋಸ್ ಬೂಟ್ ಆಗುವುದೇ ಇಲ್ಲ. ಖಾಲಿಯಾದ ಜಾಗದಲ್ಲಿ ಮತ್ತೆ ಒಂದು ಡಿ ಡ್ರೈವ್ ಮಾಡಿ ಕಡತಗಳನ್ನು ತುಂಬಿದರೆ ಕೆಲಸ ಮುಗಿಯಿತು. ಗಿರಾಕಿಗೆ ಹೊಸ ಯಂತ್ರದ ಖರ್ಚು ಉಳಿಯಿತು.

ಆರನೇ, ಏಳನೇ ಜನರೇಷನ್ ಇರುವ ಮನೆಯವರಿಗೆ ನಾನು ಮಾಡಿಕೊಟ್ಟದ್ದು ಇಎಸ್‌ಯು ನೋಂದಣಿ, ಅಂದರೆ ಇನ್ನೊಂದು ವರ್ಷದ ಭದ್ರತಾ ಅಪ್‌ಡೇಟ್. ಇದರ ಗಡುವು 2026ರ ಅಕ್ಟೋಬರ್ 13. ದುಡ್ಡು ಕೊಟ್ಟು ಪಡೆಯುವುದಾದರೆ 30 ಡಾಲರ್. ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಸಿಂಕ್ ಮಾಡಿದರೆ ಉಚಿತ. ವಿಂಡೋಸ್ 10ರ 22ಎಚ್2 ಆವೃತ್ತಿಯೇ ಇರಬೇಕು. ಒಂದು ಖಾತೆಯಡಿ ಹತ್ತು ಯಂತ್ರಗಳವರೆಗೆ ಸೇರಿಸಬಹುದಾದ್ದರಿಂದ ಮನೆಯಲ್ಲಿ ಎರಡು ಮೂರು ಕಂಪ್ಯೂಟರ್ ಇರುವವರಿಗೆ ಅನುಕೂಲ. ಮೊಬೈಲ್‌ನಲ್ಲಿ ಗೂಗಲ್ ಖಾತೆ ಬಿಟ್ಟರೆ ಬೇರೇನೂ ಇಲ್ಲದ ಹಿರಿಯರಿಗೆ ಮೈಕ್ರೋಸಾಫ್ಟ್ ಖಾತೆ ತೆರೆದುಕೊಟ್ಟು, ಪಾಸ್‌ವರ್ಡನ್ನು ಅವರ ಡೈರಿಯಲ್ಲಿ ಅವರಿಂದಲೇ ಬರೆಸಿದೆ.

ಇನ್ನು ಅದಕ್ಕೂ ಹಳೆಯವು. ನಿವೃತ್ತ ಮೇಷ್ಟ್ರೊಬ್ಬರು ನಾಲ್ಕನೇ ಜನರೇಷನ್‌ನ ಐ3 ಲ್ಯಾಪ್‌ಟಾಪ್ ತಂದಿದ್ದರು. "ನಿನ್ನೆವರೆಗೂ ಸರಿಯಾಗಿದ್ದದ್ದು ಇವತ್ತು ಹೇಗಪ್ಪಾ ಹಳೆಯದಾಯಿತು?" ಎಂದರು. ಉತ್ತರ ಕೊಡುವ ಬದಲು, "ಇದರಲ್ಲಿ ದಿನಾ ಏನು ಮಾಡುತ್ತೀರಿ ಮೇಷ್ಟ್ರೇ?" ಎಂದು ಕೇಳಿದೆ. ಯೂಟ್ಯೂಬಿನಲ್ಲಿ ಸಂಗೀತ ಕಛೇರಿ, ಬ್ಯಾಂಕ್ ಪಾಸ್‌ಬುಕ್, ಊರ ದೇವಸ್ಥಾನದ ಇತಿಹಾಸ ಬರೆಯುವುದು. ಮೂರಕ್ಕೂ ವಿಂಡೋಸ್ ಬೇಕಿಲ್ಲ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದೆ, 4 ಜಿಬಿ ರ‍್ಯಾಮ್ ಇದ್ದದ್ದನ್ನು 8 ಮಾಡಿದೆ, ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ 22ರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿಕೊಟ್ಟೆ. ಅದಕ್ಕೆ 2029ರವರೆಗೆ ಬೆಂಬಲವಿದೆ. ವಿಂಡೋಸ್ ಅಳಿಸುವ ಮೊದಲು ಮಿಂಟನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಸ್ಪೀಕರ್, ಮುಚ್ಚಿ ತೆರೆದಾಗ ಎಚ್ಚರಗೊಳ್ಳುವುದು ಇವಿಷ್ಟನ್ನು ಅವರ ಎದುರಿಗೇ ನೋಡಿದೆ. ಮನೆಯ ಪ್ರಿಂಟರನ್ನೂ ತರಿಸಿಕೊಂಡೆ. ಹಳೆಯ ಕೆಲವು ಲೇಸರ್ ಪ್ರಿಂಟರ್‌ಗಳು ತಮ್ಮದೇ ಡ್ರೈವರ್ ಬೇಡುತ್ತವೆ, ಲಿನಕ್ಸ್‌ನಲ್ಲಿ ಅವುಗಳೊಂದಿಗೆ ಗುದ್ದಾಡಿ ಅರ್ಧ ದಿನ ಕಳೆಯುವುದುಂಟು. ಅವರದು ಮಾತಾಡದೆ ಕೆಲಸ ಮಾಡಿತು.

ಅವರ ಆತಂಕವಿದ್ದದ್ದು ಕನ್ನಡದ ಬಗ್ಗೆ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಇಲ್ಲದೆ ಹೇಗೆ ಬರೆಯುವುದು? ಮಿಂಟ್‌ನ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡದ ಕಗಪ ವಿನ್ಯಾಸ ಇದೆ. ನುಡಿಯಲ್ಲಿ ಒತ್ತಕ್ಷರಕ್ಕೆ ಎಫ್ ಒತ್ತಿ ರೂಢಿಯಾದ ಬೆರಳು ಇಲ್ಲಿಯೂ ಅಲ್ಲಿಗೇ ಹೋಗುತ್ತದೆ. ಗುಬ್ಬಿ, ನವಿಲು ಫಾಂಟ್‌ಗಳನ್ನೂ ಹಾಕಿಕೊಟ್ಟೆ. ಮೇಷ್ಟ್ರು ಒಂದು ಪುಟ ಟೈಪ್ ಮಾಡಿ, ಕನ್ನಡಕ ಮೇಲೇರಿಸಿ, "ಇದು ಅದೇ ಅಲ್ಲವೇ" ಎಂದರು. ಕಷ್ಟವಾದದ್ದು ಹಳೆಯ ಕಡತಗಳದು. ಅವು ಯೂನಿಕೋಡ್‌ಗೆ (ಎಲ್ಲ ಯಂತ್ರಗಳೂ ಒಪ್ಪುವ ಅಕ್ಷರ ಸಂಕೇತ) ಮುಂಚಿನ ನುಡಿ ಫಾಂಟಿನಲ್ಲಿದ್ದವು. ಮಿಂಟ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಫಾಂಟ್ ನಕಲು ಮಾಡಿಟ್ಟರೆ ಓದಲು ಬರುತ್ತದೆ, ಆದರೆ ಹುಡುಕಲು ಬರುವುದಿಲ್ಲ, ವಾಟ್ಸಾಪ್‌ಗೆ ಕಳಿಸಲೂ ಬರುವುದಿಲ್ಲ. ಎಲ್ಲವನ್ನೂ ಯೂನಿಕೋಡ್‌ಗೆ ಪರಿವರ್ತಿಸಿಕೊಟ್ಟೆ. ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಮತ್ತೊಮ್ಮೆ ಕಣ್ಣಿಟ್ಟು ಓದಿ ಎಂದೆ, ಪರಿವರ್ತಕಗಳು ಎಡವುವುದು ಹೆಚ್ಚಾಗಿ ಅಲ್ಲಿಯೇ.

ಲಿನಕ್ಸ್ ಎಂದರೆ ನನಗೆ ಪ್ರೀತಿ, ಆದರೆ ಎಲ್ಲರ ತಲೆಗೂ ಅದನ್ನು ಕಟ್ಟುವುದಿಲ್ಲ. ಕೊಬ್ಬರಿ ಮಂಡಿಯ ವರ್ತಕರ ಲೆಕ್ಕವೆಲ್ಲ ಟ್ಯಾಲಿಯಲ್ಲಿ, ಜಿಎಸ್‌ಟಿ ಸಹಿ ಪೆನ್‌ಡ್ರೈವ್‌ನಂತೆ ಚುಚ್ಚುವ ಡಿಜಿಟಲ್ ಸಿಗ್ನೇಚರ್ ಟೋಕನ್‌ನಲ್ಲಿ. ಕಡೇ ದಿನ ರಿಟರ್ನ್ ಹಾಕುವಾಗ ಟೋಕನ್ ಗುರುತಿಸಲಿಲ್ಲವೆಂದರೆ ಅವರು ನನ್ನನ್ನು ಬಿಡುವವರಲ್ಲ, ಬಿಡಲೂಬಾರದು. ಅವರಿಗೆ ವಿಂಡೋಸ್ 11 ಇರುವ ಹೊಸ ಯಂತ್ರವನ್ನೇ ಕೊಡಿಸಿದೆ.

ಲಗ್ನಪತ್ರಿಕೆ ಅಚ್ಚು ಹಾಕುವ ಮುದ್ರಣಾಲಯದ್ದು ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿ ಪುಟ ವಿನ್ಯಾಸದ ಪೇಜ್‌ಮೇಕರ್, ಹಳೆಯ ನುಡಿ ಫಾಂಟ್, ಇಷ್ಟು ವರ್ಷಗಳ ಮಾದರಿಗಳು ಎಲ್ಲವೂ ಒಂದೇ ಯಂತ್ರದಲ್ಲಿ. ಏನನ್ನೂ ಬದಲಿಸಬೇಡಿ ಎಂದೆ. ನೆಟ್‌ವರ್ಕ್ ಕೇಬಲ್ ಕಿತ್ತೆ, ವೈಫೈ ಡಾಂಗಲ್ ತೆಗೆದೆ, ಡಿಸ್ಕಿನ ಪೂರ್ತಿ ಪ್ರತಿಯೊಂದನ್ನು ಬೀರುವಿನಲ್ಲಿಡಿಸಿದೆ. ಇಮೇಲ್ ನೋಡಲು ಪಕ್ಕದಲ್ಲಿ ಮಿಂಟ್ ಹಾಕಿದ ಇನ್ನೊಂದು ಯಂತ್ರ. ಇಂಟರ್ನೆಟ್ ಮುಟ್ಟದ ಕಂಪ್ಯೂಟರಿಗೆ ಅಪ್‌ಡೇಟ್ ನಿಂತರೆ ಆಗುವ ನಷ್ಟ ಬಹಳ ಕಡಿಮೆ. ಪೆನ್‌ಡ್ರೈವ್ ಮಾತ್ರ ಪಕ್ಕದ ಯಂತ್ರದಲ್ಲಿ ನೋಡಿ ಒಳಗೆ ಬಿಡಬೇಕು.

ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡಿ ಎಂದು ಕೇಳಿಕೊಂಡು ಬರುವ ಹುಡುಗರು ಬಹಳ. ರುಫಸ್ ಎಂಬ ತಂತ್ರಾಂಶದಲ್ಲಿ ವಿಂಡೋಸ್ ಹಾಕುವ ಪೆನ್‌ಡ್ರೈವ್ ಮಾಡುವಾಗಲೇ ಟಿಪಿಎಂ ಪರೀಕ್ಷೆ ತೆಗೆದುಹಾಕುವ ಆಯ್ಕೆಯಿದೆ, ಓಡುತ್ತದೆ ಕೂಡ. ಆದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನು ಪ್ರತಿ ಸಲವೂ ಕೈಯಾರೆ ಹಾಕಿಕೊಳ್ಳಬೇಕು. ಅದನ್ನು ತಾವೇ ಮಾಡಿಕೊಳ್ಳಬಲ್ಲ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮಾಡಿಕೊಟ್ಟಿದ್ದೇನೆ, ಕಚೇರಿಗಳಿಗೆ ಖಂಡಿತ ಇಲ್ಲ.

ಏನನ್ನೂ ಮಾಡದೆ ವಿಂಡೋಸ್ 10ನ್ನು ಹಾಗೇ ಓಡಿಸುತ್ತೇವೆ ಎನ್ನುವವರಿಗೆ ವಿಂಡೋಸ್ 7ರ ಉದಾಹರಣೆ ಕೊಡುತ್ತೇನೆ. ಅದರ ಬೆಂಬಲ ನಿಂತದ್ದು 2020ರ ಜನವರಿಯಲ್ಲಿ, ಜನಕ್ಕೆ ಬಿಸಿ ತಟ್ಟಿದ್ದು 2023ರಲ್ಲಿ, ಕ್ರೋಮ್ 109ನೇ ಆವೃತ್ತಿಗೇ ನಿಂತುಬಿಟ್ಟಾಗ. ವಿಂಡೋಸ್ 10ರಲ್ಲಿ ಎಡ್ಜ್ ಬ್ರೌಸರ್ ಕನಿಷ್ಠ 2028ರ ಅಕ್ಟೋಬರ್‌ವರೆಗೆ ನಡೆಯುತ್ತದೆ ಎಂದು ಕಂಪನಿಯೇ ಹೇಳಿದೆ. ಬ್ರೌಸರ್ ಹೊಸದಾಗಿದ್ದರೂ ಅದರ ಕೆಳಗಿನ ವಿಂಡೋಸ್‌ನ ಭದ್ರತಾ ತೂತುಗಳು ತೂತುಗಳೇ. ಬ್ಯಾಂಕ್ ವ್ಯವಹಾರ ಅದರಲ್ಲಿ ಮಾಡಬೇಡಿ ಎಂದು ಹೇಳಿ ಕಳಿಸುತ್ತೇನೆ.

ಕೋರ್ 2 ಡ್ಯುಯೋ ಯಂತ್ರಗಳ ಮೇಲೆ ನಾನು ಹೆಚ್ಚು ಹೊತ್ತು ಕಳೆಯುವುದಿಲ್ಲ. 24ಎಚ್2 ಆವೃತ್ತಿಯಿಂದ ಈಚೆಗೆ ವಿಂಡೋಸ್ 11 ಬೇಡುವ ಎಸ್‌ಎಸ್‌ಇ 4.2 ಎಂಬ ಪ್ರೊಸೆಸರ್ ಸೂಚನೆಗಳು ಅವುಗಳಲ್ಲಿಲ್ಲ, ಅಡ್ಡದಾರಿಯೂ ಅಲ್ಲಿಗೆ ಮುಚ್ಚಿತು. ಲಿನಕ್ಸ್ ಹಾಕಬಹುದು, ಆದರೆ ಇವತ್ತಿನ ಜಾಲತಾಣಗಳ ಭಾರಕ್ಕೆ ಅವು ಕುಸಿಯುತ್ತವೆ. ಗುಜರಿಗೆ ಹಾಕಿ ಎಂದೇ ಹೇಳುತ್ತೇನೆ. ಹಾಕುವ ಮೊದಲು ಸ್ಕ್ರೂಡ್ರೈವರ್ ಹಿಡಿದು ಹಾರ್ಡ್ ಡಿಸ್ಕ್ ಬಿಚ್ಚಿ ಅವರ ಕೈಗೇ ಕೊಡುತ್ತೇನೆ, ಮಾಮೂಲಿ ಫಾರ್ಮ್ಯಾಟ್ ಮಾಡಿದ ಮಾತ್ರಕ್ಕೆ ಅದರೊಳಗಿನ ಆಧಾರ್ ಪ್ರತಿ, ಪಹಣಿ, ಫೋಟೋಗಳು ಅಳಿದುಹೋಗುವುದಿಲ್ಲ.