ಕ್ಲಾಸ್ ಡ್ರಾಪ್ ಮಾಡುವ ಮೊದಲು ತಾರೀಖು ನೋಡಿ

ಹೊಸದಾಗಿ ಕಾಲೇಜು ಸೇರಿದವರೇ, ಮೊದಲು ಅಕಾಡೆಮಿಕ್ ಕ್ಯಾಲೆಂಡರ್‌ನಲ್ಲಿ ಆಡ್-ಡ್ರಾಪ್ (ಕ್ಲಾಸ್, ಅಂದರೆ ಕೋರ್ಸ್, ಸೇರಿಸಿಕೊಳ್ಳುವ ಅಥವಾ ಬಿಡುವ) ಕೊನೆಯ ದಿನ ಯಾವುದು ಅಂತ ನೋಡಿಕೊಳ್ಳಿ. ಅದರೊಳಗೆ ಬಿಟ್ಟ ಕ್ಲಾಸ್ ಸಾಮಾನ್ಯವಾಗಿ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಅಂಕಪಟ್ಟಿಯಲ್ಲಿ) ಕಾಣಿಸುವುದೇ ಇಲ್ಲ. ದಿನ ದಾಟಿದರೆ ಅದು ವಿತ್‌ಡ್ರಾ, ಗ್ರೇಡ್ ಜಾಗದಲ್ಲಿ 'ಡಬ್ಲ್ಯೂ' ಬೀಳುತ್ತದೆ. ಜಿಪಿಎಗೆ (ಗ್ರೇಡ್‌ಗಳ ಸರಾಸರಿಗೆ) ಏನೂ ಆಗಲ್ಲ, ಒಂದು ಡಬ್ಲ್ಯೂಗೆ ಅಷ್ಟು ಹೆದರಬೇಕಾಗಿಯೂ ಇಲ್ಲ, ಆದರೆ ಫೀಸ್ ಪೂರ್ತಿ ವಾಪಸ್ ಬರುವುದು ಕಷ್ಟ. ಎಷ್ಟೋ ಕಡೆ ರೀಫಂಡ್ ತಾರೀಖೇ ಬೇರೆ ಇರುತ್ತದೆ, ಅದನ್ನೂ ನೋಡಿ.

ಕ್ಲಾಸಿಗೆ ಹೋಗುವುದು ನಿಲ್ಲಿಸಿದರೆ ತಾನೇ ಡ್ರಾಪ್ ಆಗುತ್ತೆ ಅಂತ ಸುಮ್ನೆ ಕೂರಬೇಡಿ. ಪೋರ್ಟಲ್‌ನಲ್ಲಿ ನೀವೇ ತೆಗೆಯದಿದ್ದರೆ ಕೊನೆಗೆ ಫೇಲ್ ಬರಬಹುದು.

ಬದಲಿ ಕ್ಲಾಸ್ ಬೇಕಿದ್ದರೆ ಹಳೆಯದನ್ನು ಮೊದಲೇ ಬಿಡಬೇಡಿ, ಹೊಸದರಲ್ಲಿ ಸೀಟು ಸಿಗದಿದ್ದರೆ ಎರಡೂ ಹೋಯಿತು ಅಲ್ವಾ? 'ಸ್ವಾಪ್' (ಹೊಸದು ಸಿಕ್ಕರೆ ಮಾತ್ರ ಹಳೆಯದು ಹೋಗುವ) ಆಯ್ಕೆ ಇದ್ದರೆ ಅದನ್ನೇ ಬಳಸಿ. ವೇಟ್‌ಲಿಸ್ಟ್‌ನಲ್ಲಿದ್ದರೂ ಪ್ರೊಫೆಸರ್‌ಗೆ ಒಂದು ಮೇಲ್ ಹಾಕಿ, ಅವರು ಒಪ್ಪಿದರೆ ಮೊದಲ ದಿನದಿಂದಲೇ ಹೋಗಿ ಕೂತುಬಿಡಿ. ಮೊದಲ ವಾರ ಜನ ಬಿಡುತ್ತಲೇ ಇರುತ್ತಾರೆ.

ಸ್ಕಾಲರ್‌ಶಿಪ್, ಸ್ಟೂಡೆಂಟ್ ವೀಸಾ ಇರುವವರು ಮಾತ್ರ ಜಾಸ್ತಿ ಹುಷಾರಾಗಿರಿ. ಡ್ರಾಪ್ ಆದ ಮೇಲೆ ನಿಮ್ಮ ಒಟ್ಟು ಕ್ರೆಡಿಟ್ ಫುಲ್‌ಟೈಮ್ ವಿದ್ಯಾರ್ಥಿಗೆ ಬೇಕಾದ ಕನಿಷ್ಠ ಮಿತಿಗಿಂತ ಕೆಳಗೆ ಹೋದರೆ ತೊಂದರೆ, ಅಡ್ವೈಸರ್ ಹತ್ತಿರ ಕೇಳಿಯೇ ಬಟನ್ ಒತ್ತಿ.