ಕೋಲ್ವಿಲ್ ನದಿಯ ಹಳೇ ನಕ್ಷೆ ಕೊನೆಗೂ ಜಾಗಕ್ಕೆ ಕೂತಿತು

ಅಲಾಸ್ಕಾದ ಉತ್ತರ ತುದಿಯ ಕೋಲ್ವಿಲ್ ನದಿ, ಅದರ ದಡದ ಉಮಿಯಾಟ್ ಅನ್ನೋ ಜಾಗದ ಸುತ್ತಲಿನ ಒಂದು ಹಾಳೆ. 1950ರ ದಶಕದ ಯುಎಸ್‌ಜಿಎಸ್ (ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ) ನಕ್ಷೆ, ಇಂಚಿಗೆ ಒಂದು ಮೈಲಿ. ಇದರ ಸ್ಕ್ಯಾನ್ ಪುಕ್ಕಟೆ ಸಿಗುತ್ತದಲ್ಲ, ದುಡ್ಡು ಯಾಕೆ ಸುರಿದೆ ಅಂತ ಗೆಳೆಯರೆಲ್ಲ ಕೇಳಿದರು. ಆದರೆ ನನ್ನ ಹಾಳೆಯಲ್ಲಿ ಯಾರೋ ನದಿಯ ಜಲ್ಲಿದಿಬ್ಬಗಳಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು. ಆ ಸುತ್ತುಗಳು ಈಗಿನ ಉಪಗ್ರಹ ಚಿತ್ರದಲ್ಲಿ ಎಲ್ಲಿ ಬೀಳುತ್ತವೆ ಅನ್ನೋದು ನನಗೆ ಬೇಕಿತ್ತು. ನಕ್ಷೆಗೆ 1,800, ಅಂಚೆಗೆ 2,600, ಮೂರು ಸಲದ ಸ್ಕ್ಯಾನಿಗೆ 1,350. ಹತ್ತಿರ ಹತ್ತಿರ ಆರು ಸಾವಿರ ಹೋಯಿತು.

ಮೊದಲ ಸಲ ಕೆಟ್ಟಿದ್ದು ಮಡಿಕೆ ಬಿಡಿಸಲು ಹೋಗಿ. ತೇವದ ಬಟ್ಟೆ ಹೊದಿಸಿ ಭಾರ ಇಟ್ಟೆ. ಮಡಿಕೆ ಹೋಯಿತು, ಆದರೆ ಕಾಗದ ಅಡ್ಡಕ್ಕೆ ಎರಡು ಮಿಲಿಮೀಟರ್ ಹಿಗ್ಗಿತು. ಈ ಅಳತೆಯಲ್ಲಿ ಅದು ನೆಲದ ಮೇಲೆ 127 ಮೀಟರ್! ಎರಡನೇ ಸಲ ಅಂಗಡಿಯ ರೋಲರ್ ಸ್ಕ್ಯಾನರ್ ಉದ್ದಕ್ಕೆ ಎಳೆಯಿತು. ಮೂರನೇ ಸಲ ಹಾಳೆಯನ್ನು ಹತ್ತು ದಿನ ಒಣಗಲು ಬಿಟ್ಟು, ಕಾಗದವನ್ನು ಎಳೆಯದೆ ಗಾಜಿನ ಮೇಲೆ ಮಲಗಿಸುವ ಫ್ಲಾಟ್‌ಬೆಡ್ ಸ್ಕ್ಯಾನರ್‌ನಲ್ಲಿ ತುಂಡು ತುಂಡಾಗಿ ಸ್ಕ್ಯಾನ್ ಮಾಡಿಸಿ ಜೋಡಿಸಿದೆ. ಜೋಡಿಸಿದ ಅಂಚು ಕಾಣದ ಹಾಗೆ ಮಾಡಿದ ಉಪಾಯ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸ್ಕ್ಯಾನನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಲು ಕಂಟ್ರೋಲ್ ಪಾಯಿಂಟ್ ಬೇಕು, ಅಂದರೆ ನೆಲದ ಮೇಲೆ ಎಲ್ಲಿ ಅಂತ ಗೊತ್ತಿರುವ ಬಿಂದುಗಳು. 'ನದಿಯ ತಿರುವುಗಳಿಗೇ ಕಂಟ್ರೋಲ್ ಪಾಯಿಂಟ್ ಕೊಡು, ಸಾಕು' ಅಂದರು ಗೆಳೆಯರು. ಕೊಟ್ಟು ನೋಡಿದೆ. ಮುನ್ನೂರು ಮೀಟರ್ ಅತ್ತಿತ್ತ. ಮಂಜುಗಡ್ಡೆ ಒಡೆಯುವ ಕಾಲದಲ್ಲಿ ಕೋಲ್ವಿಲ್ ಉಕ್ಕಿ ದಡ ತಿನ್ನುತ್ತದೆ. ಹೆಪ್ಪುಗಟ್ಟಿದ ಮಣ್ಣು ಕರಗಿ ಕುಸಿಯುತ್ತದೆ. ಸುತ್ತಲಿನ ಕೆರೆಗಳೂ ಬರಿದಾಗುತ್ತವೆ. ಅಂಥ ನೀರಿಗೇ ನಕ್ಷೆ ಕಟ್ಟಿದರೆ ನದಿ ಎಷ್ಟು ಸರಿದಿದೆ ಅನ್ನೋದೇ ಮುಚ್ಚಿಹೋಗುತ್ತದೆ ಅಲ್ವಾ? ನೀರನ್ನು ಪೂರ್ತಿ ಬಿಟ್ಟೆ. ನಾಲ್ಕು ಮೂಲೆ, ಅಕ್ಷಾಂಶ ರೇಖಾಂಶ ಸೇರುವಲ್ಲಿ ಹಾಕಿರುವ ಒಳಗಿನ ಸಣ್ಣ ಪ್ಲಸ್ ಗುರುತುಗಳು, ಅಷ್ಟೇ. ಎಲ್ಲವನ್ನೂ ಆ ನಕ್ಷೆಯ ಹಳೇ ಅಕ್ಷಾಂಶ-ರೇಖಾಂಶ ಪದ್ಧತಿಯಾದ ಎನ್‌ಎಡಿ 27ರಲ್ಲೇ ಕೊಟ್ಟೆ. ಅದನ್ನು ಈಗಿನ ಪದ್ಧತಿಗೆ ಬದಲಿಸುವ ಅಲಾಸ್ಕಾದ ಗ್ರಿಡ್ ಫೈಲ್ ಹಾಕಿಕೊಳ್ಳದಿದ್ದರೆ, ನಾನು ಬಳಸಿದ ಕ್ಯುಜಿಐಎಸ್ ಅನ್ನೋ ನಕ್ಷೆ ತಂತ್ರಾಂಶ ಸುಮ್ನೆ ಅಂದಾಜಿಗೆ ಕೂರಿಸಿಬಿಡುತ್ತದೆ. ಅದು ಗೊತ್ತಾಗುವಷ್ಟರಲ್ಲಿ ಒಂದು ವಾರ ಹೋಗಿತ್ತು.

ನಡುವೆ ನೀಲಿ ಶಾಯಿಯನ್ನಷ್ಟೇ ಬೇರೆ ಮಾಡಿ, ನದಿಯ ಗೆರೆ ತಾನಾಗಿ ಬರುತ್ತದಾ ಅಂತಲೂ ನೋಡಿದೆ. ಸವೆದ ಮಡಿಕೆಗಳಲ್ಲೆಲ್ಲ ನದಿ ತುಂಡಾಯಿತು. ಕೈಯಲ್ಲೇ ಎಳೆದೆ.

ಪರೀಕ್ಷೆಗೆ ಇಟ್ಟುಕೊಂಡಿದ್ದು ಉಮಿಯಾಟ್‌ನ ರನ್‌ವೇ. 1940ರ ದಶಕದಲ್ಲಿ ಅಮೆರಿಕದ ನೌಕಾಪಡೆ ಎಣ್ಣೆ ಹುಡುಕಲು ಬಂದಾಗಿನದು. ನಕ್ಷೆಯ ರನ್‌ವೇ ಉಪಗ್ರಹ ಚಿತ್ರದ ರನ್‌ವೇ ಮೇಲೆ ಮೂವತ್ತು ಮೀಟರ್ ಒಳಗೇ ಕೂತಿತು. ಹಾಳೆಯ ಮೇಲೆ ಅದು ಬರೀ ಅರ್ಧ ಮಿಲಿಮೀಟರ್. ಇಷ್ಟು ಹಳೇ ಕಾಗದಕ್ಕೆ ಇದಕ್ಕಿಂತ ಚೆನ್ನಾಗಿ ಬರುವುದು ಕಷ್ಟ ಅಂತ ಧೈರ್ಯವಾಗಿ ಹೇಳುತ್ತೇನೆ.

ಪೆನ್ಸಿಲಿನ ಐದು ಸುತ್ತುಗಳಲ್ಲಿ ಮೂರು ಈಗ ನಡುನೀರಿನಲ್ಲಿವೆ. ಒಂದರ ಮೇಲೆ ಗಿಡ ಹಬ್ಬಿದೆ. ಐದನೆಯದು ಇವತ್ತಿಗೂ ಬೋಳು ಜಲ್ಲಿ.